ಆಸ್ಕರ್ ಅಲ್ಲ, ಆದರೂ ಸುದ್ದಿ: ಏನಿದು ಊರೂರಿನ ವಿಮರ್ಶಕರ ಸಿನಿಮಾ ಪ್ರಶಸ್ತಿ? ಹೊರಗಿನ ಚಿತ್ರಕ್ಕೊಂದು, ಸ್ವಂತ ನೆಲದ ಚಿತ್ರಕ್ಕೊಂದು ಯಾಕೆ?

ಡಿಸೆಂಬರ್ ಬಂತೆಂದರೆ ಸಾಕು, ಮೊಬೈಲ್‌ನಲ್ಲಿ ಒಂದೇ ಥರದ ಸುದ್ದಿಗಳು ಸಾಲುಗಟ್ಟುತ್ತವೆ. ನ್ಯೂಯಾರ್ಕ್ ವಿಮರ್ಶಕರ ಪ್ರಶಸ್ತಿ ಇವರಿಗೆ, ಲಾಸ್ ಏಂಜಲೀಸ್ ವಿಮರ್ಶಕರ ಪ್ರಶಸ್ತಿ ಅವರಿಗೆ. ಅದರ ಹಿಂದೆಯೇ ಟೊರಾಂಟೊ, ಲಂಡನ್, ವ್ಯಾಂಕೋವರ್. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿ ಅವರಿಗೆ ‘ಆರ್‌ಆರ್‌ಆರ್’ ಚಿತ್ರಕ್ಕಾಗಿ ನ್ಯೂಯಾರ್ಕ್ ವಿಮರ್ಶಕರು ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟಾಗ ‘ಆಸ್ಕರ್ ಬಂತಂತೆ’ ಅಂತ ತಿಳಿದುಕೊಂಡವರೂ ಇದ್ದರು. ಅದು ಆಸ್ಕರ್ ಆಗಿರಲಿಲ್ಲ. ಆಸ್ಕರ್ ಬಂದಿದ್ದು 2023ರ ಮಾರ್ಚ್‌ನಲ್ಲಿ, ಅದೂ ‘ನಾಟು ನಾಟು’ ಹಾಡಿಗೆ.

ಹಾಗಾದ್ರೆ ಈ ವಿಮರ್ಶಕರ ಪ್ರಶಸ್ತಿ ಅಂದ್ರೆ ಏನು? ಕೊಡೋರು ಯಾರು? ಕೆನಡಾದಂಥ ದೇಶದಲ್ಲಿ ಇದನ್ನು ಎರಡು ಪಟ್ಟಿ ಮಾಡಿ ಕೊಡೋದು ಯಾಕೆ? ಇಲ್ಲಿದೆ ವಿವರ.

ಯಾರು ಕೊಡ್ತಾರೆ?

ಸಿನಿಮಾ ಪ್ರಶಸ್ತಿ ಕೊಡುವವರು ಮುಖ್ಯವಾಗಿ ಮೂರು ಬಗೆ. ಒಂದು ಸರ್ಕಾರ. ನಮ್ಮ ರಾಷ್ಟ್ರಪ್ರಶಸ್ತಿ, ರಾಜ್ಯಪ್ರಶಸ್ತಿ ಈ ಬಗೆಯವು. ಎರಡು, ಸಿನಿಮಾದಲ್ಲೇ ಕೆಲಸ ಮಾಡುವವರು. ಆಸ್ಕರ್ ಈ ಸಾಲಿಗೆ ಸೇರುತ್ತೆ. ಅಲ್ಲಿ ವೋಟು ಹಾಕೋದು ನಟರು, ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು. ಮೂರನೆಯವರು ಸಿನಿಮಾ ನೋಡಿ ಬರೆಯುವ ವಿಮರ್ಶಕರು. ಒಂದು ಊರಿನ ಪತ್ರಿಕೆ, ರೇಡಿಯೊ, ಟಿವಿ, ವೆಬ್‌ಸೈಟ್‌ಗಳಿಗೆ ವರ್ಷಪೂರ್ತಿ ವಿಮರ್ಶೆ ಬರೆಯೋರು ಒಂದು ಸಂಘ ಮಾಡಿಕೊಂಡು, ವರ್ಷದ ಕೊನೆಗೆ ಕೂತು ಆರಿಸುತ್ತಾರೆ.

ಇದರಲ್ಲಿ ಹಳೆಯದು ನ್ಯೂಯಾರ್ಕ್ ಫಿಲಂ ಕ್ರಿಟಿಕ್ಸ್ ಸರ್ಕಲ್, 1935ರಲ್ಲಿ ಶುರುವಾಗಿದ್ದು. ಲಾಸ್ ಏಂಜಲೀಸ್ ಸಂಘ 1975ರದ್ದು. ಟೊರಾಂಟೊ ಫಿಲಂ ಕ್ರಿಟಿಕ್ಸ್ ಅಸೋಸಿಯೇಷನ್ 1997ರಲ್ಲಿ, ವ್ಯಾಂಕೋವರ್ ಫಿಲಂ ಕ್ರಿಟಿಕ್ಸ್ ಸರ್ಕಲ್ 2000ದಲ್ಲಿ ಹುಟ್ಟಿದವು.

ಈ ಸಂಘಗಳು ಪತ್ರಿಕೆಗಳಿಗೆ ಎಷ್ಟು ಅಂಟಿಕೊಂಡಿವೆ ಅನ್ನೋಕೆ ಒಂದು ಉದಾಹರಣೆ ಸಾಕು. 1962ರಲ್ಲಿ ನ್ಯೂಯಾರ್ಕ್‌ನಲ್ಲಿ ಪತ್ರಿಕಾ ನೌಕರರ ಮುಷ್ಕರ ನಡೆಯಿತು. ಪೇಪರೇ ಇಲ್ಲ ಅಂದಮೇಲೆ ಪ್ರಶಸ್ತಿ ಯಾವುದು? ಆ ವರ್ಷ ಪ್ರಶಸ್ತಿಯನ್ನೇ ಕೊಡಲಿಲ್ಲ.

ವೋಟು ಹೇಗೆ?

ನಿಯಮ ಸಂಘದಿಂದ ಸಂಘಕ್ಕೆ ಬೇರೆ. ಆದರೆ ಸಾಮಾನ್ಯ ಕ್ರಮ ಸುಲಭ. ಪ್ರತಿಯೊಬ್ಬ ಸದಸ್ಯ ಒಂದೊಂದು ವಿಭಾಗಕ್ಕೆ ತನ್ನ ಮೊದಲ, ಎರಡನೇ, ಮೂರನೇ ಆಯ್ಕೆ ಬರೆದು ಕೊಡ್ತಾನೆ. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಒಟ್ಟು ಕೂಡಿಸಿದಾಗ ಯಾರು ಮುಂದೋ ಅವರು ಗೆದ್ದರು. ಹೀಗಾಗಿ ಕೆಲವರಿಗೆ ಮಾತ್ರ ವಿಪರೀತ ಇಷ್ಟವಾದ ಸಿನಿಮಾಕ್ಕಿಂತ, ಬಹಳಷ್ಟು ಜನ ‘ಪರವಾಗಿಲ್ಲ, ಎರಡನೇದಕ್ಕೆ ಇದಿರಲಿ’ ಅಂದ ಸಿನಿಮಾ ಗೆಲ್ಲುವುದೂ ಉಂಟು. ನಿಂತವರ ಪೈಕಿ ಯಾರನ್ನೂ ಎದುರು ಹಾಕಿಕೊಳ್ಳದವನು ಸೊಸೈಟಿ ಚುನಾವಣೆಯಲ್ಲಿ ಗೆದ್ದು ಬರೋ ಹಾಗೆ.

ಲಾಸ್ ಏಂಜಲೀಸ್ ಮತ್ತು ಟೊರಾಂಟೊ ಸಂಘಗಳು ಗೆದ್ದವರ ಜೊತೆಗೆ ಎರಡನೇ ಸ್ಥಾನ ಯಾರಿಗೆ ಅನ್ನೋದನ್ನೂ ಹೇಳುತ್ತವೆ. 2022ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಟಾರ್’ ಮತ್ತು ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಸಮ ಸಮ ಬಂದು ಎರಡಕ್ಕೂ ಅತ್ಯುತ್ತಮ ಚಿತ್ರ ಪ್ರಶಸ್ತಿ ಹೋಯಿತು. ಅದೇ ವರ್ಷ ಅಲ್ಲಿನ ಸಂಗೀತ ಪ್ರಶಸ್ತಿ ‘ಆರ್‌ಆರ್‌ಆರ್’ನ ಎಂ.ಎಂ. ಕೀರವಾಣಿ ಅವರ ಪಾಲಾಯಿತು.

ಎರಡು ಪಟ್ಟಿ ಯಾಕೆ?

ಕೆನಡಾದ ಕಥೆ ಇಲ್ಲೇ ಇರೋದು. ವ್ಯಾಂಕೋವರ್ ಸಂಘ ಪ್ರಶಸ್ತಿಗಳನ್ನು ಭಾಗ ಮಾಡಿಯೇ ಕೊಡುತ್ತೆ. ಒಂದು ಭಾಗ ಅಂತಾರಾಷ್ಟ್ರೀಯ ಚಿತ್ರಗಳಿಗೆ. ಹಾಲಿವುಡ್ ಕೂಡ ಇದರಲ್ಲೇ ಬರುತ್ತೆ. ಇನ್ನೊಂದು ಭಾಗ ಕೆನಡಾದ ಚಿತ್ರಗಳಿಗೆ. ಅದರ ಜೊತೆಗೆ ವ್ಯಾಂಕೋವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಚಿತ್ರಕ್ಕೆ ಬೇರೆಯೇ ಪ್ರಶಸ್ತಿ. ಅಂದ್ರೆ ಲೋಕಕ್ಕೊಂದು, ದೇಶಕ್ಕೊಂದು, ಸ್ವಂತ ಸೀಮೆಗೊಂದು.

ಇಷ್ಟೆಲ್ಲಾ ಯಾಕೆ ಬೇಕು? ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದಾ?

ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ಅಲ್ಲಿನ ಥಿಯೇಟರ್‌ಗಳೇ ಸಾಕ್ಷಿ. ಹಾಲಿವುಡ್ ಕಂಪನಿಗಳ ಲೆಕ್ಕದ ಪುಸ್ತಕದಲ್ಲಿ ‘ದೇಶೀಯ ಮಾರುಕಟ್ಟೆ’ ಅಂದ್ರೆ ಅಮೆರಿಕ ಮಾತ್ರ ಅಲ್ಲ, ಅಮೆರಿಕ ಮತ್ತು ಕೆನಡಾ ಎರಡೂ. ಒಂದೇ ಭಾಷೆ, ಪಕ್ಕದ ಗಡಿ, ಒಂದೇ ದಿನ ಬಿಡುಗಡೆ, ಅದೇ ಟ್ರೇಲರ್, ಅದೇ ಪೋಸ್ಟರ್. ಹೀಗಾಗಿ ಹಾಲಿವುಡ್‌ಗೆ ಕೆನಡಾ ಸ್ವಂತ ಮನೆ. ಆದರೆ ಕೆನಡಾದವರೇ ಮಾಡಿದ ಇಂಗ್ಲಿಷ್ ಸಿನಿಮಾ ಅದೇ ಮನೆಯ ಜಗುಲಿ ಮೇಲೆ ಕೂತ ನೆಂಟ. ಇಂಗ್ಲಿಷ್ ಪ್ರದೇಶದಲ್ಲಿ ಟಿಕೆಟ್ ದುಡ್ಡಿನ ನೂರು ರೂಪಾಯಲ್ಲಿ ಕೆನಡಾದ ಚಿತ್ರಗಳಿಗೆ ಸಿಗೋದು ಒಂದೆರಡು ರೂಪಾಯಿ ಅಷ್ಟೇ. ಫ್ರೆಂಚ್ ಮಾತಾಡುವ ಕ್ಯೂಬೆಕ್ ಪ್ರಾಂತ್ಯದಲ್ಲಿ ಮಾತ್ರ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿದೆ. ಅಲ್ಲಿ ಭಾಷೆಯೇ ಬೇಲಿಯಾಗಿ ನಿಂತಿದೆ.

ನಮ್ಮಲ್ಲೂ ಶುಕ್ರವಾರ ಬೇರೆ ಭಾಷೆಯ ದೊಡ್ಡ ಸಿನಿಮಾ ಬಂದರೆ ಕನ್ನಡದ ಸಣ್ಣ ಸಿನಿಮಾಗೆ ಬೆಳಗಿನ ಆಟ ಒಂದೇ ಉಳಿಯುವುದನ್ನು ಜನ ನೋಡಿದ್ದಾರೆ. ಕೆನಡಾದಲ್ಲಿ ಅದು ವರ್ಷದ ಎಲ್ಲಾ ಶುಕ್ರವಾರದ ಕಥೆ.

ಇಂಥ ಕಡೆ ಒಂದೇ ಪಟ್ಟಿ ಇದ್ದರೆ ಪ್ರತಿ ವರ್ಷ ಹಾಲಿವುಡ್ ಚಿತ್ರವೋ, ಕೊರಿಯಾ ಅಥವಾ ಜಪಾನ್ ಚಿತ್ರವೋ ಗೆಲ್ಲುತ್ತೆ. ಟೊರಾಂಟೊದ ಮುಖ್ಯ ಪ್ರಶಸ್ತಿ 2018ರಲ್ಲಿ ಮೆಕ್ಸಿಕೊದ ‘ರೋಮಾ’ಗೆ, 2019ರಲ್ಲಿ ಕೊರಿಯಾದ ‘ಪ್ಯಾರಸೈಟ್’ಗೆ ಹೋಯಿತು. ಅದು ತಪ್ಪಲ್ಲ, ಒಳ್ಳೆ ಸಿನಿಮಾ ಗೆಲ್ಲಲೇಬೇಕು. ಆದರೆ ಪಕ್ಕದ ಬೀದಿಯ ಹುಡುಗ ಕಡಿಮೆ ಖರ್ಚಲ್ಲಿ ಮಾಡಿದ ಸಿನಿಮಾ ಯಾರ ಕಣ್ಣಿಗೂ ಬೀಳದೆ ಹೋಗಬಾರದು ಅಂತ ಎರಡನೇ ಪಟ್ಟಿ.

‘ರ‍್ಯಾಂಬೊ’ ಊರಿನ ಪಾಠ

ಸಿಲ್ವೆಸ್ಟರ್ ಸ್ಟಾಲೋನ್ ಅವರ ಮೊದಲ ‘ರ‍್ಯಾಂಬೊ’ ಚಿತ್ರ ‘ಫಸ್ಟ್ ಬ್ಲಡ್’ 1982ರಲ್ಲಿ ಬಂತು. ಕಥೆಯಲ್ಲಿ ಅದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋಪ್ ಎಂಬ ಊರು. ಆದರೆ ಚಿತ್ರೀಕರಣ ನಡೆದಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಹೋಪ್ ಎಂಬ ಸಣ್ಣ ಊರಲ್ಲಿ. ‘ದಿ ಎಕ್ಸ್ ಫೈಲ್ಸ್’ ಧಾರಾವಾಹಿಯ ಮೊದಲ ಐದು ಸೀಸನ್, ‘ಡೆಡ್‌ಪೂಲ್’ ಮೊದಲ ಚಿತ್ರ ಕೂಡ ವ್ಯಾಂಕೋವರ್ ಸುತ್ತಮುತ್ತ ತಯಾರಾದವು. ವ್ಯಾಂಕೋವರ್‌ಗೆ ‘ಉತ್ತರದ ಹಾಲಿವುಡ್’ ಅಂತಲೇ ಹೆಸರು.

ಇದರಿಂದ ಲಾಭ ಇದೆ. ಲಾಡ್ಜ್, ಊಟದ ಅಂಗಡಿ, ಬಾಡಿಗೆ ಗಾಡಿ, ಬಡಗಿ, ಎಲೆಕ್ಟ್ರಿಷಿಯನ್, ಎಲ್ಲರಿಗೂ ಕೆಲಸ. ಆದರೆ ಒಂದು ಕೊರತೆಯೂ ಇದೆ. ಊರು ಪರದೆ ಮೇಲೆ ಬರುತ್ತೆ, ಊರಿನ ಹೆಸರು ಬರಲ್ಲ. ಬೀದಿ ಇವರದು, ಕಥೆ ಬೇರೆಯವರದು. ವ್ಯಾಂಕೋವರ್ ವಿಮರ್ಶಕರು ತಮ್ಮ ಪ್ರಾಂತ್ಯದ ಚಿತ್ರಕ್ಕೆ ಪ್ರತ್ಯೇಕ ಜಾಗ ಇಟ್ಟಿರೋದರ ಅರ್ಥ ಈ ಹಿನ್ನೆಲೆಯಲ್ಲಿ ಗೊತ್ತಾಗುತ್ತೆ.

ಅದಕ್ಕೆ ತಕ್ಕ ಸಿನಿಮಾಗಳೂ ಬಂದಿವೆ. ‘ದಿ ಬಾಡಿ ರಿಮೆಂಬರ್ಸ್ ವೆನ್ ದಿ ವರ್ಲ್ಡ್ ಬ್ರೋಕ್ ಓಪನ್’ 2019ರ ಚಿತ್ರ. ಎಲ್-ಮಾಯಾ ಟೈಲ್‌ಫೆದರ್ಸ್ ಮತ್ತು ಕ್ಯಾಥ್ಲೀನ್ ಹೆಪ್‌ಬರ್ನ್ ನಿರ್ದೇಶಿಸಿದ್ದು. ಜೊತೆಗಾರನಿಂದ ಹೊಡೆತ ತಿಂದು ಬರಿಗಾಲಲ್ಲಿ ಮಳೆಯಲ್ಲಿ ನಿಂತ ಒಬ್ಬ ಗರ್ಭಿಣಿ, ಅವಳನ್ನು ಕಂಡು ಮನೆಗೆ ಕರೆದುಕೊಂಡು ಹೋಗುವ ಇನ್ನೊಬ್ಬ ಹೆಂಗಸು. ಇಬ್ಬರೂ ಅಲ್ಲಿನ ಮೂಲನಿವಾಸಿ ಸಮುದಾಯದವರು. ಸಿನಿಮಾದ ಬಹುಭಾಗ ಒಂದೇ ಶಾಟ್‌ನಲ್ಲಿ ತೆಗೆದ ಹಾಗೆ ಕಾಣುತ್ತೆ. ನಡೆಯೋದು ವ್ಯಾಂಕೋವರ್‌ನಲ್ಲಿ, ವ್ಯಾಂಕೋವರ್ ಆಗಿಯೇ.

ಇನ್ನೊಂದು ಆಂಥನಿ ಶಿಮ್ ಅವರ ‘ರೈಸ್‌ಬಾಯ್ ಸ್ಲೀಪ್ಸ್’, 2022ರದ್ದು. 1990ರ ದಶಕದಲ್ಲಿ ಕೊರಿಯಾದಿಂದ ಕೆನಡಾಕ್ಕೆ ಬಂದ ಒಂಟಿ ತಾಯಿ ಮತ್ತು ಮಗನ ಕಥೆ. ಮಗ ಶಾಲೆಗೆ ತಂದ ಊಟದ ಡಬ್ಬಿ ನೋಡಿ ಉಳಿದ ಮಕ್ಕಳು ಆಡಿಕೊಳ್ಳುತ್ತಾರೆ. ‘ರೈಸ್‌ಬಾಯ್’ ಅನ್ನೋದು ಆ ಹಂಗಿಸುವ ಹೆಸರೇ. ಬೆಂಗಳೂರಿಗೋ ವಿದೇಶಕ್ಕೋ ಹೋಗಿ ರೊಟ್ಟಿ, ಮುದ್ದೆ ಬಿಚ್ಚಿ ತಿನ್ನೋಕೆ ಸಂಕೋಚಪಟ್ಟವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡು ಇದೆಯಾ?

ಹೆಚ್ಚಿನ ವಿಮರ್ಶಕರ ಪ್ರಶಸ್ತಿಯಲ್ಲಿ ದುಡ್ಡು ಇರಲ್ಲ. ಒಂದು ಫಲಕ, ಒಂದು ಊಟ, ಪೇಪರಲ್ಲಿ ಹೆಸರು. ಟೊರಾಂಟೊ ಇದಕ್ಕೆ ದೊಡ್ಡ ಅಪವಾದ. ಅಲ್ಲಿನ ಅತ್ಯುತ್ತಮ ಕೆನಡಾ ಚಿತ್ರ ಪ್ರಶಸ್ತಿಗೆ ಫೋನು, ಕೇಬಲ್ ವ್ಯವಹಾರದ ರೋಜರ್ಸ್ ಕಂಪನಿ ಪ್ರಾಯೋಜಕತ್ವ ಕೊಟ್ಟಿತು. ‘ಸ್ಟೋರೀಸ್ ವಿ ಟೆಲ್’ ಸಾಕ್ಷ್ಯಚಿತ್ರಕ್ಕಾಗಿ ಸಾರಾ ಪೊಲಿ ಅವರಿಗೆ ಸಿಕ್ಕ ಬಹುಮಾನ 1 ಲಕ್ಷ ಕೆನಡಾ ಡಾಲರ್. ಈಗಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ 60 ಲಕ್ಷ ರೂಪಾಯಿ. ತನ್ನ ಸ್ವಂತ ಹುಟ್ಟಿನ ಹಿಂದಿದ್ದ ಗುಟ್ಟನ್ನು ಮನೆಯವರ ಬಾಯಿಂದಲೇ ಹೇಳಿಸಿ ಅವರು ಮಾಡಿದ ಚಿತ್ರ ಅದು. ಮೇಲೆ ಹೇಳಿದ ಎರಡು ವ್ಯಾಂಕೋವರ್ ಚಿತ್ರಗಳಿಗೂ ಟೊರಾಂಟೊದ ಇದೇ ಪ್ರಶಸ್ತಿ ಬಂತು.

ಸೂಪರ್‌ಸ್ಟಾರ್ ಸಿನಿಮಾಗೆ ಈ ಮೊತ್ತ ಒಂದು ದಿನದ ಖರ್ಚೂ ಅಲ್ಲದಿರಬಹುದು. ಆದರೆ ಸಾಲ ಮಾಡಿ, ಗೆಳೆಯರನ್ನು ಸೇರಿಸಿ ಸಿನಿಮಾ ಮಾಡಿದವರಿಗೆ ಇದು ಮುಂದಿನ ಸಿನಿಮಾದ ಬೀಜದ ದುಡ್ಡು. 2018ರ ಸಾಲಿನಲ್ಲಿ ‘ಆಂಥ್ರಪೊಸೀನ್’ ಸಾಕ್ಷ್ಯಚಿತ್ರ ಗೆದ್ದಾಗ ಅದರ ತಂಡ, ಬಹುಮಾನದ ಹಣವನ್ನು ಕಣದಲ್ಲಿ ಉಳಿದಿದ್ದ ಬೇರೆ ನಿರ್ದೇಶಕರ ಜೊತೆ ಹಂಚಿಕೊಂಡಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ದುಡ್ಡು ಕಂಪನಿಯದ್ದು, ವೋಟು ವಿಮರ್ಶಕರದ್ದು. ಈ ಎರಡು ಬೇರೆ ಬೇರೆ ಇದ್ದಷ್ಟು ದಿನ ಮಾತ್ರ ಪ್ರಶಸ್ತಿಗೆ ಬೆಲೆ.

ಡಬ್ಬದಲ್ಲಿದ್ದ ಸಿನಿಮಾ ಹೊರಗೆ ಬಂತು

ವಿಮರ್ಶಕರ ಪ್ರಶಸ್ತಿಯಿಂದ ಆಗೋದೇನು ಅಂತ ಕೇಳುವವರಿಗೆ 1985ರ ಒಂದು ಘಟನೆ ಹೇಳಬಹುದು. ಟೆರ‍್ರಿ ಗಿಲಿಯಂ ಅವರ ‘ಬ್ರೆಜಿಲ್’ ಚಿತ್ರ ಯುರೋಪ್‌ನಲ್ಲಿ ಆಗಲೇ ಬಿಡುಗಡೆ ಆಗಿತ್ತು. ಅಮೆರಿಕದಲ್ಲಿ ಯುನಿವರ್ಸಲ್ ಕಂಪನಿ ಮಾತ್ರ ಬಿಡಲಿಲ್ಲ. ಉದ್ದ ಜಾಸ್ತಿ, ಕೊನೆ ದುಃಖದ್ದು, ಕತ್ತರಿಸಿ ಸುಖಾಂತ ಮಾಡಿ ಅಂತ ಪಟ್ಟು. ಗಿಲಿಯಂ ಒಪ್ಪಲಿಲ್ಲ. ಸಿನಿಮಾ ವ್ಯಾಪಾರದ ಪತ್ರಿಕೆ ‘ವೆರೈಟಿ’ಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ನನ್ನ ಸಿನಿಮಾ ಯಾವಾಗ ಬಿಡುತ್ತೀರಿ ಅಂತ ಕಂಪನಿಯ ಮುಖ್ಯಸ್ಥರನ್ನೇ ಬಹಿರಂಗವಾಗಿ ಕೇಳಿದರು. ಜೊತೆಗೆ ವಿಮರ್ಶಕರಿಗೆ ಗುಟ್ಟಾಗಿ ಚಿತ್ರ ತೋರಿಸಿದರು.

ಆ ವರ್ಷದ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ವಿಮರ್ಶಕರು, ಅಮೆರಿಕದಲ್ಲಿ ಇನ್ನೂ ಬಿಡುಗಡೆಯೇ ಆಗದ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ ಮೂರೂ ಪ್ರಶಸ್ತಿ ಕೊಟ್ಟುಬಿಟ್ಟರು. ಕಂಪನಿಗೆ ಬೇರೆ ದಾರಿ ಉಳಿಯಲಿಲ್ಲ. ಅದೇ ತಿಂಗಳು ಸಿನಿಮಾ ಥಿಯೇಟರ್‌ಗೆ ಬಂತು, ನಿರ್ದೇಶಕರ ಕೊನೆಯ ಜೊತೆಗೇ.

ಎಲ್ಲಾ ಸಲ ಹೀಗಾಗಲ್ಲ. 1941ರಲ್ಲಿ ನ್ಯೂಯಾರ್ಕ್ ವಿಮರ್ಶಕರು ‘ಸಿಟಿಜನ್ ಕೇನ್’ ಆರಿಸಿದರೆ ಆಸ್ಕರ್ ಹೋಗಿದ್ದು ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ಗೆ. 1989ರಲ್ಲಿ ಲಾಸ್ ಏಂಜಲೀಸ್‌ನವರು ಸ್ಪೈಕ್ ಲೀ ಅವರ ‘ಡು ದಿ ರೈಟ್ ಥಿಂಗ್’ ಆರಿಸಿದರು, ಆಸ್ಕರ್‌ನವರು ಅದನ್ನು ಅತ್ಯುತ್ತಮ ಚಿತ್ರದ ಸ್ಪರ್ಧೆಗೂ ಇಳಿಸಲಿಲ್ಲ. ಈ ಎರಡು ಸಿನಿಮಾಗಳನ್ನು ಇವತ್ತಿಗೂ ಕಾಲೇಜುಗಳಲ್ಲಿ ಪಾಠ ಮಾಡ್ತಾರೆ.

ನಮ್ಮ ದೇಶದ ಸಿನಿಮಾಗೆ ಏನು ಸಂಬಂಧ?

ಸಂಬಂಧ ಇದೆ. ಆಸ್ಕರ್‌ನ ಅಂತಾರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಒಂದು ದೇಶ ಒಂದೇ ಸಿನಿಮಾ ಕಳಿಸಬಹುದು. ಆ ಒಂದನ್ನು ಭಾರತದಲ್ಲಿ ಒಂದು ಸಮಿತಿ ಆರಿಸುತ್ತೆ. 2022ರಲ್ಲಿ ಹೋಗಿದ್ದು ಗುಜರಾತಿಯ ‘ಛೆಲ್ಲೊ ಶೋ’, ‘ಆರ್‌ಆರ್‌ಆರ್’ ಅಲ್ಲ. 2024ರಲ್ಲಿ ಹೋಗಿದ್ದು ‘ಲಾಪತಾ ಲೇಡೀಸ್’. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಗೆದ್ದಿದ್ದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಭಾರತದ ಪಟ್ಟಿಯಲ್ಲಿ ಹೋಗಲಿಲ್ಲ. ಮುಂಬೈಗೆ ದುಡಿಯಲು ಬಂದ ಮಲಯಾಳಿ ನರ್ಸ್‌ಗಳ ಕಥೆ ಅದು.

ವಿಮರ್ಶಕರಿಗೆ ಯಾವ ಸಮಿತಿಯ ಪತ್ರವೂ ಬೇಕಿಲ್ಲ. ತಮ್ಮ ಊರಿನ ಥಿಯೇಟರ್‌ಗೆ ಬಂದಿದ್ದರೆ, ನೋಡಿದ್ದರೆ ಸಾಕು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಎರಡೂ ಕಡೆಯವರು 2024ರಲ್ಲಿ ಇಂಗ್ಲಿಷೇತರ ಚಿತ್ರಗಳ ಪೈಕಿ ಅದನ್ನೇ ಅತ್ಯುತ್ತಮ ಅಂತ ಆರಿಸಿದರು.

ನಮ್ಮ ರಾಜ್ಯದಲ್ಲೂ ವಿಮರ್ಶಕರ ಪ್ರಶಸ್ತಿ ಹೊಸದಲ್ಲ. ಬೆಂಗಳೂರಿನ ಸಿನಿಮಾ ಪತ್ರಕರ್ತರು ಕಟ್ಟಿದ ಚಂದನವನ ಫಿಲಂ ಕ್ರಿಟಿಕ್ಸ್ ಅಕಾಡೆಮಿ 2020ರಿಂದ ಕನ್ನಡ ಚಿತ್ರಗಳಿಗೆ ಪ್ರಶಸ್ತಿ ಕೊಡುತ್ತಿದೆ. ಲೋಕದ ವಿಮರ್ಶಕರ ಒಕ್ಕೂಟ ಫಿಪ್ರೆಸ್ಕಿಯ ಭಾರತ ಘಟಕ 2022ರಲ್ಲಿ ದೇಶದ ಸಾರ್ವಕಾಲಿಕ ಹತ್ತು ಚಿತ್ರಗಳನ್ನು ವೋಟಿನ ಮೂಲಕ ಆರಿಸಿದಾಗ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಅದರಲ್ಲಿ ಇತ್ತು. ಹತ್ತರಲ್ಲಿ ಕನ್ನಡದ್ದು ಅದೊಂದೇ.

ದೂರುಗಳೂ ಇವೆ

ಮೊದಲ ದೂರು, ಸಂಘಗಳು ಜಾಸ್ತಿ ಆಗಿವೆ ಅನ್ನೋದು. ಅಮೆರಿಕದಲ್ಲಿ ಸಣ್ಣ ಸಣ್ಣ ನಗರಕ್ಕೂ ಒಂದೊಂದು. ಎಲ್ಲರೂ ಅದೇ ಐದಾರು ಸಿನಿಮಾ ಆರಿಸಿದರೆ ಹತ್ತು ಪ್ರಶಸ್ತಿ ಇದ್ದೂ ಒಂದಿದ್ದ ಹಾಗೆ. ಆಸ್ಕರ್ ಯಾರಿಗೆ ಅಂತ ಊಹೆ ಮಾಡೋ ಆಟ ಆಗಿಬಿಟ್ಟರೆ ಊರಿನ ರುಚಿ ಎಲ್ಲಿ ಉಳೀತು?

ಎರಡನೆಯದು ಇನ್ನೂ ಗಂಭೀರ. ಪತ್ರಿಕೆಗಳೇ ಕಡಿಮೆಯಾಗುತ್ತಿವೆ, ವಿಮರ್ಶೆ ಬರೆದು ಸಂಬಳ ತಗೊಳ್ಳೋರು ಇನ್ನೂ ಕಡಿಮೆ. ಸಂಬಳ ಇಲ್ಲದವರಿಗೆ ಸಿನಿಮಾ ಕಂಪನಿಯ ಟಿಕೆಟ್, ಊಟ, ಪ್ರವಾಸವೇ ಸಂಬಳ ಆಗುವ ಅಪಾಯ.

ಅದು ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಗೋಲ್ಡನ್ ಗ್ಲೋಬ್ ಉದಾಹರಣೆ. ಅದನ್ನು ಕೊಡುತ್ತಿದ್ದದ್ದು ಹಾಲಿವುಡ್‌ನಲ್ಲಿ ನೆಲೆಸಿದ ವಿದೇಶಿ ಪತ್ರಕರ್ತರ ಸುಮಾರು 87 ಜನರ ಸಂಘ. ಅವರಲ್ಲಿ ಒಬ್ಬರೂ ಕಪ್ಪು ಜನಾಂಗದವರಿಲ್ಲ, ಒಂದು ಧಾರಾವಾಹಿಯ ಚಿತ್ರೀಕರಣ ನೋಡಲು 30ಕ್ಕೂ ಹೆಚ್ಚು ಸದಸ್ಯರನ್ನು ಫ್ರಾನ್ಸ್‌ಗೆ ಕರೆದೊಯ್ದು ಉಪಚಾರ ಮಾಡಲಾಗಿತ್ತು ಅಂತ 2021ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಬರೆಯಿತು. 2022ರಲ್ಲಿ ಆ ಸಮಾರಂಭ ಟಿವಿಯಲ್ಲೇ ಬರಲಿಲ್ಲ. 2023ರಲ್ಲಿ ಪ್ರಶಸ್ತಿ ಬೇರೆಯವರ ಕೈಗೆ ಮಾರಾಟವಾಗಿ ಸಂಘ ಮುಚ್ಚಿತು. 1944ರಿಂದ ಕೊಡುತ್ತಾ ಬಂದ ಪ್ರಶಸ್ತಿಯ ಸಂಘಕ್ಕೇ ಈ ಗತಿ.

ಅಂಗಡಿಯವರು, ಕಿರುಚಿತ್ರ ಮಾಡುವ ಹುಡುಗರು ಗಮನಿಸಿ

ಈ ವಿಷಯ ನಮ್ಮ ತಾಲ್ಲೂಕಿಗೂ ಮುಟ್ಟುತ್ತೆ. ಮೊಬೈಲ್‌ನಲ್ಲೇ ಕಿರುಚಿತ್ರ ಮಾಡುವ ಹುಡುಗರು ಹೆಚ್ಚಿದ್ದಾರೆ. ‘ಅಂತಾರಾಷ್ಟ್ರೀಯ ಪ್ರಶಸ್ತಿ’ ಬಂತು ಅಂತ ಫ್ಲೆಕ್ಸ್ ಹಾಕಿ, ಸನ್ಮಾನಕ್ಕೆ ಅಂಗಡಿಗಳಿಂದ ದೇಣಿಗೆ ಕೇಳೋದೂ ಇದೆ. ಪ್ರತಿಭೆ ನಿಜ ಇರಬಹುದು. ಆದರೆ ಕೆಲವು ಆನ್‌ಲೈನ್ ಸ್ಪರ್ಧೆಗಳು ಪ್ರವೇಶ ಶುಲ್ಕ ಕಟ್ಟಿಸಿಕೊಂಡು ತಿಂಗಳಿಗೊಮ್ಮೆ ಹತ್ತಾರು ಜನರಿಗೆ ಪ್ರಶಸ್ತಿ ಹಂಚುತ್ತವೆ. ಟ್ರೋಫಿ ಬೇಕಂದ್ರೆ ಅದಕ್ಕೆ ಬೇರೆ ದುಡ್ಡು.

ಪ್ರಶಸ್ತಿ ಗಟ್ಟಿಯಾ, ಪೊಳ್ಳಾ ಅಂತ ತಿಳಿಯೋಕೆ ಐದು ಪ್ರಶ್ನೆ ಕೇಳಿದರೆ ಸಾಕು.

1. ಆರಿಸಿದವರು ಯಾರು? ಅವರ ಹೆಸರು, ಅವರು ಬರೆದ ವಿಮರ್ಶೆ ಅಥವಾ ಮಾಡಿದ ಕೆಲಸ ಎಲ್ಲಾದರೂ ನೋಡಲು ಸಿಗುತ್ತಾ?

2. ಚಿತ್ರವನ್ನು ಎಲ್ಲಿ ತೋರಿಸಿದರು? ಜನ ಕೂತು ನೋಡಿದ್ದಾರಾ, ಅಥವಾ ಬರೀ ಸರ್ಟಿಫಿಕೇಟ್ ಫೋಟೊ ಬಂದಿದೆಯಾ?

3. ಗೆದ್ದವರಿಂದಲೇ ದುಡ್ಡು ಕೇಳ್ತಾರಾ? ಚಿತ್ರೋತ್ಸವಗಳಲ್ಲಿ ಪ್ರವೇಶ ಶುಲ್ಕ ಇರೋದು ಸಹಜ. ಆದರೆ ಗೆದ್ದಮೇಲೆ ಟ್ರೋಫಿಗೆ, ಸ್ಟೇಜಿಗೆ ದುಡ್ಡು ಕೇಳಿದರೆ ಅದು ಪ್ರಶಸ್ತಿ ಅಲ್ಲ, ವ್ಯಾಪಾರ.

4. ಎಷ್ಟು ಜನಕ್ಕೆ ಕೊಟ್ಟರು? ಸೋತವರೇ ಇಲ್ಲದ ಸ್ಪರ್ಧೆ ಸ್ಪರ್ಧೆಯಲ್ಲ.

5. ಪ್ರಾಯೋಜಕರು ಬೇರೆ, ತೀರ್ಪುಗಾರರು ಬೇರೆ ಇದ್ದಾರಾ?

ಈ ಐದಕ್ಕೂ ಸರಿಯಾದ ಉತ್ತರ ಇದ್ದರೆ ಅಂಗಡಿಯವರು ಖುಷಿಯಿಂದ ದೇಣಿಗೆ ಕೊಡಬಹುದು. ಇಲ್ಲದಿದ್ದರೆ ಅದೇ ದುಡ್ಡಲ್ಲಿ ಆ ಹುಡುಗರ ಚಿತ್ರವನ್ನು ಊರಿನ ಸಮುದಾಯ ಭವನದಲ್ಲಿ ಒಂದು ಸಂಜೆ ಪರದೆ ಕಟ್ಟಿ ತೋರಿಸುವುದು ಒಳ್ಳೆಯದು. ನೋಡಿದವರು ಎದ್ದು ನಿಂತು ಚೆನ್ನಾಗಿರೋದನ್ನೂ, ಚೆನ್ನಾಗಿಲ್ಲದ್ದನ್ನೂ ಹೇಳಲಿ. ಟೊರಾಂಟೊ, ವ್ಯಾಂಕೋವರ್‌ನವರು ತಮ್ಮ ಊರಿನ ಸಿನಿಮಾಗೆ ಮಾಡುತ್ತಿರುವುದೂ ಅದನ್ನೇ, ಸ್ವಲ್ಪ ದೊಡ್ಡದಾಗಿ.